ಬುಡಕ್ಕೆ ನಾಲ್ಕು ಎಲೆ

...ಅದೆಲ್ಲ ಇರಲಿ ಪುಟ್ಟಿ, ನಮ್ಮ ತೋಟದ ಪಕ್ಕದ ಕಾಂಪೌಂಡರ್‌ಗೆ ಏನಾಯ್ತು ಹೇಳು ನೋಡೋಣ. ಊಹೂಂ, ಸತ್ತಿಲ್ಲ. ಅಷ್ಟು ಬೇಗ ಹೋಗೋ ಪ್ರಾಣಿ ಅಲ್ಲ ಅದು. ಇನ್ನೊಂದ್ಸಲ ಊಹೆ ಮಾಡು... ಆಗಲ್ವಾ? ಅವನ ಹೂವು ಹೋಯ್ತು. ಅರವತ್ತು ದಂಟು ಬಿಳೀ ಗ್ಲಾಡಿಯೋಲಸ್, ಒಂದೂ ಬಿಡದ ಹಾಗೆ ಯಾರೋ ಕೊಯ್ದುಕೊಂಡು ಹೋಗಿದಾರೆ.

ನಗಬಾರದಾ? ಯಾಕೆ? ಆ ಮಹಾನುಭಾವನ ಬೇಸಾಯ ನೀನು ಕಂಡಿಲ್ಲ. ನಲವತ್ತು ವರ್ಷ ಮಾತ್ರೆ ಎಣಿಸಿದ ಕೈ ಅಲ್ವೇ, ಹೂವಿನ ಗೆಡ್ಡೆಗೂ ಔಷಧಿ ಅಳೆದ ಹಾಗೇ ನೀರು. ಸಾಲಿಗೊಂದು ಚೀಟಿ: ನೆಟ್ಟ ತಾರೀಕು, ನೀರು ಕೊಟ್ಟ ಹೊತ್ತು. 'ಊಟದ ನಂತರ' ಅಂತ ಬರೆಯೋದೊಂದು ಬಾಕಿ. ಕಾಲೇಜಲ್ಲಿ ಸಸ್ಯಶಾಸ್ತ್ರ ಓದಿದೋನು ನಾನು. ನನ್ನ ಪಾತಿ ನೋಡಿ ನನಗೇ ಹೇಳ್ತಾನೆ, 'ಸ್ವಾಮಿ, ನೀರು ಜಾಸ್ತಿ ಆಯ್ತು, ಗೆಡ್ಡೆ ಕೊಳೆಯುತ್ತೆ' ಅಂತ. ನನಗೆ.

ಹೋಗಲಿ. ನೀನೇ ಹೇಳಿದ್ದೆಯಲ್ಲ, ನಾನು, ಅವನು ಇಬ್ಬರಲ್ಲಿ ಯಾರು ಮೊದಲು ಒಳ್ಳೆ ಹೂವು ತರ್ತಾರೋ ಅವರಿಂದಲೇ ನಿನ್ನ ಅಂಗಡಿಗೆ ವರ್ಷವಿಡೀ ಹೂವು ಅಂತ. ತಗೋ, ಎರಡು ಬಕೆಟ್ ತುಂಬ. ಅಣ್ಣ ಅನ್ನೋ ದಾಕ್ಷಿಣ್ಯ ಬೇಡ, ಹೂವು ನೋಡಿ ಹೇಳು. ಕೆಳಗಿನ ಎರಡು ಮೊಗ್ಗಷ್ಟೇ ಬಣ್ಣ ತೋರಿಸ್ತಿವೆ. ಹದ ಅಂದ್ರೆ ಇದು.

ಏನು, ಅವನ ಪಾತೀನಾ? ನೋಡದೇ ಇರ್ತೀನಾ. ಬೋಳು ನೆಲ. ಕೊಯ್ದೋನು ಶುದ್ಧ ಅನಾಗರಿಕ. ಬುಡಕ್ಕೆ ನಾಲ್ಕು ಎಲೆ ಬಿಟ್ಟು ಕೊಯ್ಯಬೇಕು. ಆ ಎಲೆಯಿಂದಲೇ ಮಣ್ಣೊಳಗೆ ಮುಂದಿನ ವರ್ಷದ ಗೆಡ್ಡೆ ಬಲಿಯೋದು. ಬೆಳೆದೋನು ಯಾವನೂ ನೆಲಮಟ್ಟಕ್ಕೆ ಕತ್ತಿ ಹಾಕಲ್ಲ. ಕಳ್ಳನಿಗೆ ಮುಂದಿನ ವರ್ಷದ ಯೋಚನೆ ಯಾಕೆ? ಕಾಂಪೌಂಡರ್ ಕುಕ್ಕರಗಾಲಲ್ಲಿ ಕೂತು ಆ ಚೀಟಿಗಳನ್ನ ಒಂದೊಂದೇ ಕೀಳ್ತಿದ್ದ. ನೋಡೋ ಹಾಗಿತ್ತು ಮುಖ.

ಆ ದಂಟು ಯಾಕೆ ಎತ್ತಿದೆ? ಏನು ಎಣಿಸ್ತಿದೀಯ?

ಎಲೇನಾ.

ಎಂಟಿರಬಹುದು. ಕೆಲವು ಗಿಡ ಹಾಗೇ... ಇನ್ನೊಂದು ಯಾಕೆ ತೆಗೀತೀಯ, ಎಲ್ಲಾ ಒಂದೇ ಥರ ಇವೆ. ಬುಡದಿಂದ ಕೊಯ್ದೆ, ಹೌದು. ಅವಸರದಲ್ಲಿದ್ದೆ. ನನ್ನ ಪಾತೀಲಿ ನನಗೇನು ಅವಸರ ಅಂತ ಹಾಗೆ ನೋಡಬೇಡ. ಬೇಕಾದ್ರೆ ಬೈ. ಪುಟ್ಟಿ...

ಕೊಳೀತು ಕಣೇ. ನನ್ನದು ಪೂರ್ತಿ ಕೊಳೀತು, ಅವನು ಹೇಳಿದ ಹಾಗೇ. ಒಂದು ದಂಟೂ ಏಳಲಿಲ್ಲ.

ಅವನು ಕಣ್ಣು ತೋರಿಸೋಕೆ ಡಾಕ್ಟರ ಹತ್ರ ಹೋಗಿದ್ದ. 'ಸ್ವಾಮಿ, ನಾನು ಬರೋವರೆಗೂ ನನ್ನ ಪಾತಿ ಕಡೆ ಒಂದು ಕಣ್ಣಿಟ್ಟಿರಿ' ಅಂತ ನನಗೇ ಹೇಳಿ ಹೋಗಿದ್ದ. ಕೊಯ್ದ ತಾರೀಕು ಮೊನ್ನೆ, ಆಗಸ್ಟ್ ಹನ್ನೆರಡು, ಮಂಗಳವಾರ.