ಸಾದಲಿಗೆ ನಿಂತುಹೋದ ವ್ಯಾನು

ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಮನುಷ್ಯರು ಕೂರಬೇಕೋ ಕೈಚೀಲಗಳೋ ಎಂಬುದು ಶಿಡ್ಲಘಟ್ಟ ಇನ್ನೂ ಇತ್ಯರ್ಥ ಮಾಡದ ಗಹನ ಪ್ರಶ್ನೆ. ಬೆಂಚಿನ ಮೇಲಿನ ಚೀಲವೊಂದಕ್ಕೆ ಜಾಗ ಬಿಟ್ಟು ನಿಂತಿದ್ದ ಪ್ರಯಾಣಿಕ ವೆಂಕಟರಾಯಪ್ಪನವರು ಪತ್ರಿಕೆಯ ಮರೆಯಲ್ಲಿ ಅದನ್ನೇ ಚಿಂತಿಸುತ್ತಿದ್ದಾಗ, ಚೀಲದ ಒಡತಿ ಪ್ರೊಫೆಸರ್ ಮಾಲಾ ಪಕ್ಕದಲ್ಲಿದ್ದ ಸಾದಲಿಯ ಆಶಾ ಕಾರ್ಯಕರ್ತೆ ಓಬಳಮ್ಮನ ಮುಂದೆ ಕಾಗದ ಹಿಡಿದರು.

"ಆಸ್ಪತ್ರೆ ವ್ಯಾನಿಗೆ ರೂಟ್ ಹಾಕೋ ನಮ್ಮ ಎಐಯಿಂದ ಊರಿಗೆ ಉಪಯೋಗ ಆಯ್ತು ಅಂತ ಒಂದು ಸಹಿ, ಅಷ್ಟೇ. ಇಲ್ದಿದ್ರೆ ನನ್ನ ಪ್ರಮೋಷನ್ ನಿಲ್ಲುತ್ತೆ."

"ನಮ್ಮೂರಿಗೆ ಬರ್ತಿದ್ದ ಆಸ್ಪತ್ರೆ ವ್ಯಾನು ನಿಲ್ತಲ್ಲ ಮೇಡಂ, ಅದಾ ಉಪಯೋಗ?"

"ಎಂಟು ವಾರ ವ್ಯಾನಿನ ಹತ್ರ ಒಬ್ರೂ ಬರ್ಲಿಲ್ಲ. ಅದನ್ನ ನೋಡೇ ಎಐ ರೂಟ್ ಬದಲಾಯಿಸ್ತು."

"ವ್ಯಾನು ಬರ್ತಿದ್ದ ಬೆಳಿಗ್ಗೆ ಹೊತ್ತು ಹೆಂಗಸ್ರೆಲ್ಲ ರೇಷ್ಮೆಹುಳಕ್ಕೆ ಸೊಪ್ಪು ಹಾಕ್ತಿರ್ತೀವಿ. ಹುಳ ಉಪವಾಸ ಕೆಡವಿ ಬಿಪಿ ನೋಡಿಸ್ಕೊಳ್ಳೋಕೆ ಬರ್ಬೇಕಿತ್ತಾ?"

"ಆ ಡೇಟಾ ಯಾರೂ ಕೊಡ್ಲಿಲ್ಲ."

"ನೀವು ಕೇಳಿದ್ರಾ?"

"ಈ ಕೆಲಸಾನ ಪ್ಯಾರಿಸ್ ಸಮ್ಮೇಳನದಲ್ಲಿ ಎಲ್ರೂ ಮೆಚ್ಕೊಂಡ್ರು, ಗೊತ್ತಾ?"

"ಹಂಗಾದ್ರೆ ಸಹೀನೂ ಅವರ ಹತ್ರಾನೇ ಹಾಕಿಸ್ಕೊಳ್ಳಿ."

"ನಿಮ್ಮಂಥೋರಿಗೆ ಒಳ್ಳೇದು ಮಾಡೋಕೆ ಬಂದಿದ್ದೇ ತಪ್ಪು."

"ಇನ್ನೊಂದ್ಸಲ ಆ ತಪ್ಪು ಮಾಡ್ಬೇಡಿ ತಾಯಿ. ನಮ್ಮತ್ತೆ ಬಿಪಿ ಮಾತ್ರೆ ಮುಗಿದು ತಿಂಗಳಾಯ್ತು. ಸಂಜೆ ಹೊತ್ತು ವ್ಯಾನು ಕಳ್ಸಿ, ಆಮೇಲೆ ಕಾಗದ ತನ್ನಿ."

"ಶುಕ್ರವಾರಾನೇ ಕೊನೇ ದಿನ ಕಣಮ್ಮ!"

"ನಮ್ಮತ್ತೆಗೂ ಹೇಳ್ತೀನಿ, ಶುಕ್ರವಾರದ ತಂಕ ಬಿಪಿ ತಡ್ಕೊಳ್ಲಿ ಅಂತ."

ಸಾದಲಿ ಬಸ್ಸು ಬಂತು, ಓಬಳಮ್ಮ ಹತ್ತಿದಳು. ಮಾಲಾ ಕಾಗದ ಮಡಿಸಿಕೊಂಡು ಚಿಕ್ಕಬಳ್ಳಾಪುರದ ಬಸ್ಸಿನತ್ತ ನಡೆದರು.

ಸಹಿ ಬೀಳಲಿಲ್ಲ. ವ್ಯಾನೂ ಬರಲಿಲ್ಲ.