ವಿಶಾಲಮ್ಮನ ಕಡುಬಿಗೆ ಐದು ಸ್ಟಾರ್

ಆನೇಮಹಲಿನ ಬಸ್‌ಸ್ಟಾಪಿನಲ್ಲಿ ಕೂತಿದ್ದ ದ್ರಾಕ್ಷಾಯಣಿಗೆ ಪಕ್ಕದ ಇಬ್ಬರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

"ಗೂಗಲ್‌ನಲ್ಲಿ ನಿಮ್ಮ ಹೋಂಸ್ಟೇ ಹೆಸ್ರೇ ಬರ್ತಿಲ್ವಲ್ಲ, ದೇವೇಂದ್ರಣ್ಣ?"

"ತಿಂಗ್ಳೊಳಗೆ ಎಲ್ಲರಿಗಿಂತ ಮೇಲೆ ತರ್ತೀನಿ ಅಂದ ಒಬ್ಬ ಮಾರ್ಕೆಟಿಂಗ್‌ನೋನು. ಹೆಂಗೆ ಅಂತ ನಾನು ಕೇಳ್ಲೇ ಇಲ್ಲ ಕಣೋ. ಸುಳ್ಳು ರಿವ್ಯೂ ಹಾಕ್ಸವ್ನೆ."

"ಏನಂತ?"

"ಹೋದ್ವಾರ ವಿಶಾಲಮ್ಮೋರೇ ಕೈಯಾರೆ ಕಡುಬು ಬಡಿಸಿದ್ರು ಅಂತ, ನಲವತ್ತು ಜನ."

"ನಿಮ್ಮವ್ವ ತೀರ್ಕಂಡು ಎರಡು ವರ್ಷ ಆಯ್ತಲ್ಲಣ್ಣ!"

"ಹಳೇ ರಿವ್ಯೂ ನೋಡ್ಕಂಡು ಬರ್ದವ್ನೆ ಬಡ್ಡಿಮಗ. ಗೂಗಲ್‌ನೋರು ಹೋಂಸ್ಟೇ ಹೆಸ್ರೂ ತೆಗ್ದು, ರಿವ್ಯೂನೂ ಒಂದೂ ಬಿಡ್ದೆ ಅಳಿಸ್ಬುಟ್ರು."

"ಸುಳ್ಳು ತಾನೆ, ಹೋಗ್ಲಿ ಬಿಡಿ."

ಬಸ್ಸು ಬಂತು. ದೇವೇಂದ್ರ ಚೀಲ ಎತ್ತಿಕೊಂಡು ಬಾಗಿಲ ಕಡೆ ನಡೆದ.

"ಅವ್ವ ಇದ್ದಾಗ ನಿಜ್ವಾಗ್ಲೂ ಉಂಡೋರು ಬರ್ದಿದ್ದೂ ಹೋಯ್ತಲ್ಲೋ. ದಿನಾ ಒಂದೊಂದು ಓದ್ತಿದ್ದೆ."