ಎರವಲು ತಂದ ಫ್ಯಾನು

ಮನಿಲಾದಲ್ಲಿ ಜೀಪ್ನಿ ಎಂಬ ಸಣ್ಣ ಬಸ್ಸಿಗೆ ಕಾಯುವ ಸಾಲಿನಲ್ಲಿ, ಕೆಲಸಕ್ಕೆ ಹೊರಟಿದ್ದ ರುಫಿನೋನ ಮುಂದೆ ನಿಂತಿದ್ದವರು ಕಾಲುವೆ ದಂಡೆಯ ಗುಡಿಸಲುಗಳ ಇಬ್ಬರು ನೆರೆಯವರು, ಲುಡಿ ಮತ್ತು ಅವಳಿಗಿಂತ ಹಿರಿಯಳಾದ ಕೊರಿಂಗ್. ಲುಡಿಯ ದನಿ ಏರಿತ್ತು.

"ಸರ್ಕಾರದ ಮನೆ ನಿಂಗ್ ಬಂತು, ನಂಗ್ಯಾಕೆ ಬರ್ಲಿಲ್ಲ ಅಕ್ಕ? ಇಬ್ರೂ ಅದೇ ಕೊಚ್ಚೆ ಪಕ್ಕ ಇರೋರಲ್ವಾ?"

"ಅವತ್ತು ಯಾರು ಬಡವ್ರು ಅಂತ ನೋಡೋಕ್ ಬಂದ ಆಫೀಸ್ನೋರಿಗೆ ನಿನ್ ಗುಡಿಸ್ಲಲ್ಲಿ ಏನ್ ಕಾಣ್ತು ಹೇಳು."

"ಫ್ಯಾನು, ಟೀವಿ, ಕುರ್ಚಿ."

"ಯಾರ್ದು?"

"ನಿಂದೇ. ಮನೆಗ್ ಬಂದೋರ್ನ ನೆಲದ್ಮೇಲೆ ಕೂರ್ಸೋಕಾಗುತ್ತಾ? ಅದಕ್ಕೇ ಎರವಲು ತಂದೆ."

"ಅಲ್ಲೇ ಆಗಿದ್ದು. ನಿನ್ಮನೇಲಿ ಗಾಳಿ ಹಾಕಿಸ್ಕೊಂಡು ನಮ್ಮನೆಗ್ ಬಂದ್ರು. ಅಲ್ಲಿ ಬರೀ ಗೋಡೆ."

"ನಿಜ ಹೇಳ್ಬೇಕಿತ್ತು ತಾನೆ ನೀನು?"

"ಹೇಳ್ದೆ ಕಣೇ! ಆ ಫ್ಯಾನು ನಂದೇ ಅಂದೆ. ನಂಬ್ಲೇ ಇಲ್ಲ. ಪಾಪ, ಪಕ್ಕದ್ಮನೇದು ನೋಡಿ ಆಸೆ ಪಡ್ತಾಳೆ ಅಂತ ಇನ್ನೂ ಮರುಗಿದ್ರು."

ಲುಡಿ ತಲೆ ಕೆರೆದುಕೊಂಡಳು.

"ನಿನ್ ಸಾಮಾನು ಇನ್ನೂ ನಮ್ಮನೇಲೇ ಇದೆ. ಇವತ್ತೇ ವಾಪಸ್ ಕೊಡ್ತೀನಿ."

"ಅಯ್ಯೋ, ಬೇಡ! ಬೀಗದ ಕೈ ಕೊಡೋ ಮುಂಚೆ ಬುಧವಾರ ಮತ್ತೆ ನೋಡೋಕ್ ಬರ್ತಾರಂತೆ. ಅಲ್ಲೀವರ್ಗೂ ನಿನ್ ಹತ್ರಾನೇ ಇರ್ಲಿ."

"ನಮ್ಮನೆಗೂ ಬರ್ತಾರಾ?"

"ಬರ್ದೆ ಇರ್ತಾರಾ? ಬಿಟ್ಟೋದೋರ್ನೂ ಇನ್ನೊಂದ್ಸಲ ನೋಡ್ತಾರಂತೆ."

"ಆಗ ನಾನು ಇದನ್ನೆಲ್ಲಾ ಯಾರ ಮನೇಲಿಡ್ಲಿ?"

ಅಷ್ಟರಲ್ಲಿ ಜೀಪ್ನಿ ಬಂತು. ಕೊರಿಂಗ್ ಮೊದಲು ಹತ್ತಿದಳು, ಒತ್ತರಿಸಿಕೊಂಡು ಕೂತು ಲುಡಿಗೂ ಒಂದಿಷ್ಟು ಜಾಗ ಮಾಡಿದಳು.